ಆಟದ ಅಕ್ಕೋರು ಕಟ್ಟಿದ ತಂಡಗಳು

ಇಳಕಲ್ ಸೀರೆಯ ಅಂಚಿನ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಗದಗಿನ ಕಡೆಯಿಂದ ಬಂದ ಮುಂಜಾನೆಯ ಗಾಡಿಯಿಂದ ಅವರು ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಇಳಿದಾಗ, ಶಾಲೆಗೆ ಹೊರಟಿದ್ದ ನಮಗೆ ಮೊದಲು ಕಂಡದ್ದು ಆ ಬೂಟು. ಅಲ್ಲಿಯತನಕ ಸೀರೆಯ ಕೆಳಗೆ ಚಪ್ಪಲಿಯನ್ನೋ ಬರಿಗಾಲನ್ನೋ ಮಾತ್ರ ನೋಡಿದವರು ನಾವು. ಎತ್ತರದ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಬಿಗಿಯಾಗಿ ಕಟ್ಟಿದ ತುರುಬು, ಬಗಲಲ್ಲಿ ಗೋಣಿತಟ್ಟಿನಲ್ಲಿ ಸುತ್ತಿದ ಉದ್ದನೆಯ ಕಟ್ಟು. ಹಮಾಲ ಕೈಚಾಚಿದಾಗ ಟ್ರಂಕು ಕೊಟ್ಟರು, ಕಟ್ಟು ಕೊಡಲಿಲ್ಲ. ಅದನ್ನು ತಾವೇ ಹೊತ್ತು ನಡೆದರು. ಅದರೊಳಗೆ ಎಂಟು ಹಾಕಿ ಸ್ಟಿಕ್ಕುಗಳಿದ್ದವು.

ಅವರು ನಮ್ಮ ಹೈಸ್ಕೂಲಿಗೆ ಆಟದ ಶಿಕ್ಷಕಿಯಾಗಿ ಬಂದಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳನ್ನು ಅಕ್ಕೋರು ಅನ್ನುತ್ತೇವೆ. ಕನ್ನಡದ ಅಕ್ಕೋರು, ಲೆಕ್ಕದ ಅಕ್ಕೋರು ಇದ್ದ ಹಾಗೆ ಇವರು ಆಟದ ಅಕ್ಕೋರು ಆದರು. ಹುಡುಗಿಯರಿಗೆ ರಿಂಗಾಟ ಸಾಕು ಎಂದು ಹೆಡ್‌ಮಾಸ್ತರರು ಹೇಳಿದರಂತೆ. ಅಕ್ಕೋರು ವಾದ ಮಾಡಲಿಲ್ಲ. ಶಾಲೆ ಬಿಟ್ಟ ಮೇಲೆ ಮೈದಾನ ಖಾಲಿಯೇ ಇರುತ್ತದಲ್ಲ, ಆಗ ಏನಾದರೂ ಆಡಿಸಬಹುದೇ ಎಂದು ಕೇಳಿ, ಹೂಂ ಅನ್ನಿಸಿಕೊಂಡು ಹೊರಬಂದರು.

ಮೈದಾನ ಎರೆಮಣ್ಣಿನದು. ಮಳೆ ಬಿದ್ದರೆ ಕಾಲು ಕಿತ್ತಿಡಲು ಆಗುತ್ತಿರಲಿಲ್ಲ. ಬೇಸಿಗೆಯಲ್ಲಿ ಚೆಂಡು ಬಿರುಕಿನೊಳಗೆ ಇಳಿದುಹೋಗುತ್ತಿತ್ತು. ಸುಗ್ಗಿ ಮುಗಿದು ಬಂಡಿಗಳು ಖಾಲಿ ನಿಂತ ಹೊತ್ತಿಗೆ ಅಕ್ಕೋರು ಒಕ್ಕಲಿಗರ ಮನೆಮನೆಗೆ ಹೋಗಿ, ಮನೆಗೊಂದು ಬಂಡಿ ಗರಸುಮಣ್ಣು ತಂದು ಹಾಕಲು ಕೇಳಿದರು. ಕೆಂಪನೆಯ ಗರಸು ಬಂದು ರಾಶಿಬಿತ್ತು. ಅದನ್ನು ನಾವೇ ಹರಡಿ, ನೀರು ಹೊಡೆದು, ಊರಿನ ರಸ್ತೆ ಗಟ್ಟಿ ಮಾಡಲು ತಂದಿಟ್ಟಿದ್ದ ಕಲ್ಲಿನ ರೂಳನ್ನು ಇಪ್ಪತ್ತು ಹುಡುಗಿಯರು ಸೇರಿ ಎಳೆದೆವು. ಕರಿಯ ನೆಲದ ನಡುವೆ ಒಂದು ಕೆಂಪು ಚೌಕ. ಅಲ್ಲಿ ಆಡಿದ್ದಕ್ಕೆ ನಮ್ಮ ಅಂಗಾಲುಗಳು ವರ್ಷವಿಡೀ ಕೆಂಪಗಿರುತ್ತಿದ್ದವು.

ಅಕ್ಕೋರು ಆಟಗಾರ್ತಿಯರನ್ನು ಹುಡುಕುತ್ತಿದ್ದ ರೀತಿ ಬೇರೆ. ಶಾಲೆಯ ಓಟದಲ್ಲಿ ಗೆದ್ದವರನ್ನು ಅವರು ನಂಬುತ್ತಿರಲಿಲ್ಲ. ಹತ್ತಿ ಬಿಡಿಸುವ ಹೊಲಗಳ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಎಡ ಅಂಚಿನಲ್ಲಿ ಆಡುತ್ತಿದ್ದ ನಮ್ಮ ಲೆಫ್ಟ್ ಔಟ್ ನೀಲವ್ವ ಸಿಕ್ಕಿದ್ದು ಹಾಗೆ. ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದ ಹುಡುಗಿ. ಬಗ್ಗಿದವಳು ಬಗ್ಗಿದಂತೆಯೇ ಸಾಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು, ಎರಡೂ ಕೈ ಬೇರೆಬೇರೆ ಕೆಲಸ ಮಾಡುತ್ತಿದ್ದವು. ಇವಳಿಗೆ ಹಾಕಿಯಲ್ಲಿ ಅರ್ಧ ಬಂದೇ ಬಿಟ್ಟಿದೆ ಎಂದು ಅಕ್ಕೋರು ಅವಳ ತಂದೆಗೆ ಹೇಳಿದರು. ಹಾಕಿ ಅಂದರೇನೆಂದು ತಿಳಿಯದ ಆತ ಅದನ್ನು ಬೈಗುಳ ಅಂದುಕೊಂಡನಂತೆ. ಅವಳಂಥವರೂ ಆಡಲಿ ಎಂದೇ ಅಕ್ಕೋರು ಅದನ್ನು ಶಾಲೆಯ ತಂಡ ಮಾಡದೆ ಊರಿನ ಹೆಣ್ಣುಮಕ್ಕಳ ತಂಡ ಮಾಡಿದರು.

ನನ್ನ ಸಂಗತಿ ಇನ್ನೂ ವಿಚಿತ್ರ. ನಾನು ದಪ್ಪಗಿದ್ದೆ, ಓಡಿದರೆ ಏದುಸಿರು. ಒಂದು ದಿನ ನಮ್ಮ ಓಣಿಯಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ಕಡೆಗೆ ಹೋರಿಗರುವೊಂದು ಹಗ್ಗ ಹರಿದುಕೊಂಡು ನುಗ್ಗಿತು. ನಾನು ಕಾಲು ಅಗಲಿಸಿ ಅಡ್ಡ ನಿಂತೆ. ಅದು ನನ್ನ ಹತ್ತಿರದ ತನಕ ಬಂದು ಪಕ್ಕಕ್ಕೆ ತಿರುಗಿತು. ಹಿಂದೆ ಅಕ್ಕೋರು ನಿಂತಿದ್ದರು.

“ಹೆದರಲಿಲ್ಲೇನವಾ?”

“ಹೆದರಿದ್ನಿರಿ.”

“ಹೆದರಿದ್ರೂ ನಿಂತಿ. ನಾಳೆ ಸಂಜಿಮುಂದ ಬಾ, ನಿನಗೊಂದು ಬಾಗಲಾ ಕೊಡತೇನಿ ಕಾಯಾಕ.”

ನಾನು ಗೋಲ್‌ಕೀಪರ್ ಆದೆ. ನನ್ನ ಪ್ಯಾಡುಗಳನ್ನು ಅವರೇ ಹೊಲಿದರು. ಹಳೆಯ ಗಾದಿಯ ಬಟ್ಟೆ, ಒಳಗೆ ಬಿದಿರಿನ ಸೀಳು, ಊರಿನ ಜಿನ್ನಿಂಗ್ ಗಿರಣಿಯಿಂದ ತಂದ ಹತ್ತಿ. ಅಲ್ಲಿ ಹತ್ತಿ ತೂಗುವ ಕೆಲಸದಲ್ಲಿದ್ದ ನನ್ನ ಅಪ್ಪ, ಮಗಳು ಕಾಲಿಗೆ ಹಾಸಿಗೆ ಕಟ್ಟಿಕೊಂಡು ಎಲ್ಲಿಗೆ ಹೊರಟಳು ಎಂದು ನಗುತ್ತಿದ್ದರು. ಆದರೆ ತಡೆಯಲಿಲ್ಲ.

ದಸರೆಯಿಂದ ಸಂಕ್ರಾಂತಿಯತನಕ ನಮ್ಮ ಸೀಜನ್ನು. ಮೊದಲ ವರ್ಷ ಆಡಿದ್ದನ್ನೆಲ್ಲ ಸೋತೆವು. ಎರಡನೆಯ ವರ್ಷ ಜಿಲ್ಲೆಯ ಫೈನಲ್ಲಿನ ತನಕ ಹೋಗಿ, ಹುಬ್ಬಳ್ಳಿಯ ತಂಡದ ಕೈಯಲ್ಲಿ ಒಂದು ಗೋಲಿನಿಂದ ಸೋತೆವು. ಅದು ಅನುಭವದ ತಂಡ, ಕಾಲೇಜು ಹುಡುಗಿಯರದು. ಬಸ್ಸಿನಲ್ಲಿ ನಾವೆಲ್ಲ ಅಳುತ್ತಿದ್ದೆವು. ಅಕ್ಕೋರು ಮಾತ್ರ ಕಿಟಕಿಯಾಚೆ ನೋಡುತ್ತ, ಬರುವ ವರ್ಷ ಯಾರು ಎಲ್ಲಿ ಆಡಬೇಕೆಂದು ಬೆರಳು ಮಡಚುತ್ತಿದ್ದರು.

ಆದರೆ ನಮ್ಮ ತಂಡಕ್ಕೆ ಸೀಜನ್ನಿಗಿಂತ ಸೀಜನ್ ಮುಗಿದ ಮೇಲಿನ ದಿನಗಳೇ ಕಠಿಣ. ವೈಶಾಖ ಬಂತೆಂದರೆ ಲಗ್ನಗಳು. ಆ ಬೇಸಿಗೆಯಲ್ಲಿ ಹನ್ನೊಂದರಲ್ಲಿ ನಾಲ್ವರು ಅತ್ತೆಮನೆಗೆ ಹೋದರು. ಅವರಲ್ಲಿ ಕಸ್ತೂರಿ ಒಬ್ಬಳು. ಅವಳು ನಮ್ಮ ಸೆಂಟರ್ ಹಾಫ್, ತಂಡದ ನಡುಗಂಬ. ಅವಳನ್ನು ಯರಗುಪ್ಪಿಗೆ ಕೊಟ್ಟರು. ಅಕ್ಕೋರು ನಾಲ್ಕೂ ಲಗ್ನಕ್ಕೆ ಹೋಗಿ ಅಕ್ಷತೆ ಹಾಕಿ, ಊಟ ಮಾಡಿ ಬಂದರು. ಮರುದಿನ ನಾವು ಉಳಿದ ಏಳು ಮಂದಿ ಮೈದಾನದಲ್ಲಿ ಮುಖ ಜೋತುಹಾಕಿಕೊಂಡು ಕೂತಿದ್ದೆವು. “ಹೋದವರ ಹೆಸರ ಹೇಳಿ ಅಳಬ್ಯಾಡ್ರಿ, ಬಂದವರ ಹೆಸರ ಕಲೀರಿ” ಅಂದರು. ಅವರ ಬೆನ್ನ ಹಿಂದೆ ನಾಲ್ಕು ಹೊಸ ಹುಡುಗಿಯರು, ಸ್ಟಿಕ್ಕನ್ನು ಕಸಬರಿಗೆಯ ಹಾಗೆ ಹಿಡಿದು ನಿಂತಿದ್ದರು. ಪ್ರತಿವರ್ಷ ಬೇಸಿಗೆಗೆ ಈ ಮಾತನ್ನು ಅವರು ಹೇಳುತ್ತಿದ್ದರು.

ಮೂರನೆಯ ವರ್ಷ ಆ ಹೊಸಬರನ್ನು ಕಟ್ಟಿಕೊಂಡು ಮತ್ತೆ ಫೈನಲ್ಲಿಗೆ ಬಂದೆವು. ಎದುರಿಗೆ ಅದೇ ಹುಬ್ಬಳ್ಳಿ ತಂಡ. ಪಂದ್ಯಕ್ಕೆ ವಾರ ಇರುವಾಗ ಕಸ್ತೂರಿಯ ಜಾಗದಲ್ಲಿ ಆಡುತ್ತಿದ್ದವಳು ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಬದಲಿಗೆ ಯಾರೂ ಇರಲಿಲ್ಲ. ಮರುದಿನ ಮುಂಜಾನೆ ಅಕ್ಕೋರು ನಮ್ಮ ಮನೆಗೆ ಬಂದು, ಯರಗುಪ್ಪಿಗೆ ಹೋಗಬೇಕು, ನಿಮ್ಮ ಮಗಳನ್ನು ಜೊತೆಗೆ ಕಳಿಸಿ ಎಂದು ಅವ್ವನನ್ನು ಕೇಳಿದರು.

ಎರಡು ಬಸ್ಸು ಬದಲಿಸಿ ಹೋದೆವು. ಕಸ್ತೂರಿಯ ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಕಸ್ತೂರಿ ನಮ್ಮನ್ನು ನೋಡಿ ಒಳಗಿನ ಬಾಗಿಲಲ್ಲೇ ನಿಂತಳು, ತಲೆಯ ಮೇಲಿನ ಸೆರಗು ಇನ್ನಷ್ಟು ಎಳೆದುಕೊಂಡಳು. ನೀರು ಬೆಲ್ಲ ಕೊಟ್ಟ ಮೇಲೆ ಅಕ್ಕೋರು ಸುತ್ತಿಬಳಸದೆ ಬಂದ ಕೆಲಸ ಹೇಳಿದರು. ಅತ್ತೆ ಮೊರ ಕೆಳಗಿಟ್ಟರು.

“ಸೊಸಿ ಹಂಗ ಮಂದಿ ಮುಂದ ಓಡ್ಯಾಡಿದ್ರ ಚಂದ ಕಾಣತೈತೇನ್ರಿ ಅಕ್ಕೋರ?”

“ಅಗದಿ ಚಂದ ಕಾಣತೈತ್ರಿ ಯಕ್ಕಾ. ಅದಕ್ಕ ಕರಿಯಾಕ ಬಂದೇನಿ. ನೀವೂ ಬಂದು ನೋಡ್ರಿ.”

ಅತ್ತೆ ಸೊಸೆಯ ಕಡೆ ನೋಡಿದರು. ಕಸ್ತೂರಿಯ ಕಣ್ಣು ನೆಲದ ಮೇಲಿತ್ತು. ಆದರೆ ಅವಳ ಬಲಗೈ, ತನಗೇ ಗೊತ್ತಿಲ್ಲದೆ, ಇಲ್ಲದ ಸ್ಟಿಕ್ಕೊಂದನ್ನು ಹಿಡಿದ ಹಾಗೆ ಮಡಚಿಕೊಂಡಿತ್ತು. ಅದನ್ನು ನಾನು ನೋಡಿದೆ. ಅತ್ತೆಯೂ ನೋಡಿದರು ಅನ್ನಿಸುತ್ತದೆ. ಮೊರ ಮತ್ತೆ ಕೈಗೆತ್ತಿಕೊಂಡು, ಪಾಯಿಜಾಮಾ ಹಾಕಿಕೊಂಡು ಆಡುವುದು ಮಾತ್ರ ಬೇಡ, ಹೊಲದಲ್ಲಿ ಕಚ್ಚೆ ಹಾಕಿ ಕೆಲಸ ಮಾಡುತ್ತಾಳಲ್ಲ, ಹಾಗೆ ಸೀರೆಯಲ್ಲೇ ಆಡಲಿ ಎಂದರು. ತಾವೂ ಜೊತೆಗೆ ಬರುವುದಾಗಿ ಹೇಳಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಖುಷಿಯಿಂದ ಬಡಬಡಿಸುತ್ತಿದ್ದೆ. ಅಕ್ಕೋರು, ತಾವೂ ಬೆಟಗೇರಿಯಲ್ಲಿ ಅಣ್ಣಂದಿರ ಜೊತೆ ಹಾಕಿ ಆಡುತ್ತ ಬೆಳೆದದ್ದು, ಹದಿನಾರಕ್ಕೆ ಲಗ್ನವಾದದ್ದು, ಆರು ವರ್ಷ ಸ್ಟಿಕ್ಕು ಮುಟ್ಟದೆ ಇದ್ದದ್ದು, ಗಂಡ ತೀರಿದ ಮೇಲೆ ಅಕ್ಕನ ಮನೆಗೆ ಬಂದು ಮತ್ತೆ ಓದಿ ಆಟದ ಶಿಕ್ಷಕಿಯಾದದ್ದು, ಎಲ್ಲವನ್ನೂ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು. ಕೊನೆಗೆ ಒಂದೇ ಮಾತು: “ನನ್ನ ಕೇಳಾಕ ಯಾರೂ ಬರಲಿಲ್ಲವಾ.”

ಫೈನಲ್ಲು ಧಾರವಾಡದಲ್ಲಿ. ಅಂಪೈರ್ ಕಸ್ತೂರಿಯ ಸೀರೆ ನೋಡಿ, ತಂಡದವರೆಲ್ಲ ಒಂದೇ ಬಣ್ಣ ಇರಬೇಕು, ಹೀಗೆ ನಡೆಯುವುದಿಲ್ಲ ಎಂದರು. ಅಕ್ಕೋರು ಅವಳನ್ನು ನಮ್ಮ ಪಕ್ಕ ತಂದು ನಿಲ್ಲಿಸಿದರು. ನಮ್ಮ ಅಂಗಿಗಳ ನೀಲಿ, ಅವಳ ಸೀರೆಯ ನೀಲಿ ಒಂದೇ. ಹಿಂದಿನ ದಿನ ಅಕ್ಕೋರು ನಮ್ಮ ಅಂಗಿ, ಅವಳಿಗೆಂದು ತಂದ ಸೀರೆ ಎಲ್ಲವನ್ನೂ ಒಂದೇ ಹಂಡೆಯಲ್ಲಿ ಅದ್ದಿ ಬಣ್ಣ ಹಾಕಿದ್ದರು. ಅವರ ಕೈಗಳೇ ಮೊಳಕೈವರೆಗೆ ನೀಲಿಯಾಗಿದ್ದವು. ಅಂಪೈರ್ ಆ ಕೈಗಳನ್ನು ನೋಡಿ ಸೀಟಿ ಊದಿದರು.

ಮೊದಲರ್ಧ ಎರಡೂ ಕಡೆ ಗೋಲಿಲ್ಲ. ಮೊದಮೊದಲು ಕಸ್ತೂರಿಯ ಕಾಲು ತಡವರಿಸುತ್ತಿತ್ತು, ಒಂಬತ್ತು ತಿಂಗಳಾಗಿತ್ತು ಅವಳು ಸ್ಟಿಕ್ಕು ಹಿಡಿದು. ಆಮೇಲೆ ಅವಳ ಬಾಯಿ ಬಿಚ್ಚಿತು. ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಕೊಡಬೇಕು, ಯಾರು ಹಿಂದೆ ಬರಬೇಕು ಎಂದು ಮೈದಾನದ ನಡುವೆ ನಿಂತು ಕೂಗತೊಡಗಿದಳು. ಹೊಸ ಹುಡುಗಿಯರು ಅವಳ ಜೊತೆ ಅಂದೇ ಮೊದಲು ಆಡುತ್ತಿದ್ದವರು. ಆದರೂ ಅವಳ ದನಿ ಹೋದಲ್ಲಿ ಹೋದರು. ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಹುಬ್ಬಳ್ಳಿಯವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಚೆಂಡು ನನ್ನ ಎಡಕ್ಕೆ ಬಂತು. ಕಾಲು ಹೇಗೆ ಹೋಯಿತೋ ನನಗೆ ಇಂದಿಗೂ ತಿಳಿಯದು. ಬಿದಿರು ಲಟಕ್ಕೆಂದು ಮುರಿದ ಸದ್ದು ಕೇಳಿತು, ಚೆಂಡು ಹೊರಗೆ ಪುಟಿಯಿತು. ಕಸ್ತೂರಿ ಅದನ್ನು ಹಿಡಿದು ಇಬ್ಬರನ್ನು ದಾಟಿ ಎಡಕ್ಕೆ ತಳ್ಳಿದಳು. ಅಲ್ಲಿ ನೀಲವ್ವ ಬಗ್ಗಿದವಳು ಬಗ್ಗಿದಂತೆಯೇ ಗೆರೆಗುಂಟ ಓಡಿದಳು, ಒಳಕ್ಕೆ ತಿರುಗಿದಳು, ಹೊಡೆದಳು. ಒಂದು ಗೋಲು. ನಮಗೆ ಅಷ್ಟು ಸಾಕಿತ್ತು.

ಎಲ್ಲರೂ ಕಸ್ತೂರಿಯನ್ನು ಮುತ್ತಿಕೊಂಡೆವು. ಅವಳ ಅತ್ತೆ ರೊಟ್ಟಿಯ ಗಂಟು ಹಿಡಿದುಕೊಂಡು ಗೆರೆಯಾಚೆ ನಿಂತಿದ್ದರು. ಅಕ್ಕೋರ ಹತ್ತಿರ ಬಂದು ಮೆಲ್ಲಗೆ, “ನಮ್ಮ ಸೊಸಿಗೆ ಇಷ್ಟ ದೊಡ್ಡ ದನಿ ಐತಿ ಅಂತ ನನಗ ಗೊತ್ತಿರಲಿಲ್ರಿ” ಅಂದರು. ಅವರ ದನಿಯಲ್ಲಿದ್ದದ್ದು ದೂರಲ್ಲ. ಮುಂದಿನ ಮೂರು ವರ್ಷ ಕಸ್ತೂರಿ ಕಚ್ಚೆ ಹಾಕಿಕೊಂಡೇ ಆಡಿದಳು, ಪ್ರತಿಸಲ ಅತ್ತೆಯೇ ಕರೆದುಕೊಂಡು ಬಂದರು.

ಫೈನಲ್ಲು ಗೆದ್ದ ಮೇಲಿನ ಬೇಸಿಗೆಯಲ್ಲಿ ಮಾತ್ರ ತಂಡ ಬೇರೆ ಕಾರಣಕ್ಕೆ ಒಡೆಯಿತು. ನೌಕರಿ ಕೊಟ್ಟು ಆಡಿಸುವ ದೊಡ್ಡ ಊರಿನ ತಂಡವೊಂದು ನೀಲವ್ವನನ್ನು ಕರೆಯಿತು. ಅವಳ ತಂದೆಗೆ ನಂಬಿಕೆ ಬರದೆ, ಆ ಕಾಗದವನ್ನು ಅಕ್ಕೋರು ಮೂರು ಸಲ ಓದಿ ಹೇಳಬೇಕಾಯಿತು. ಇನ್ನಿಬ್ಬರು ಆಟದ ಹಾಸ್ಟೆಲ್ಲಿಗೆ ಆಯ್ಕೆಯಾಗಿ ಹೋದರು. ಗೆದ್ದ ತಂಡವನ್ನು ಹೀಗೆ ಕೈಯಾರೆ ಬಿಟ್ಟುಕೊಡುತ್ತೀರಲ್ಲ ಎಂದು ಹೆಡ್‌ಮಾಸ್ತರರೇ ಬೇಸರಪಟ್ಟರು. ಅಕ್ಕೋರು ಮಾತ್ರ ಊರಿನ ಪೇಟೆಯಲ್ಲಿ ಕಂಡವರಿಗೆಲ್ಲ, ಮೂರು ಮಂದಿ ಹೋದರು, ಮೂರು ಮಂದಿ ಹೋದರು ಎಂದು ಹಿಗ್ಗಿ ಹೇಳುತ್ತಿದ್ದರು.

ನಾಲ್ಕನೆಯವರಾಗಿ ಅವರೇ ಹೋದರು. ಮಿಶ್ರಿಕೋಟಿಯ ಶಾಲೆಗೆ ವರ್ಗವಾಯಿತು. ಊರ ಹಿರಿಯರು, ಗರಸು ತಂದ ಒಕ್ಕಲಿಗರು, ನನ್ನ ಅಪ್ಪ, ಎಲ್ಲ ಸೇರಿ ಆದೇಶ ರದ್ದು ಮಾಡಿಸಲು ಧಾರವಾಡಕ್ಕೆ ಹೊರಟಿದ್ದರು. ಅಕ್ಕೋರೇ ತಡೆದರು. ನಾನು ಅವರ ಟ್ರಂಕಿನ ಮೇಲೆ ಕೂತು ಅಳುತ್ತಿದ್ದೆ. “ಮಿಶ್ರಿಕೋಟ್ಯಾಗೂ ಹುಡುಗ್ಯಾರ ಅದಾರವಾ” ಅಂದರು. ಸ್ಟಿಕ್ಕುಗಳನ್ನೆಲ್ಲ ನಮಗೆ ಬಿಟ್ಟು, ಟ್ರಂಕೊಂದನ್ನೇ ತೆಗೆದುಕೊಂಡು ಬಸ್ಸು ಹತ್ತಿದರು.

ಮುಂದಿನ ಸೀಜನ್ನಿನಲ್ಲಿ ನಮ್ಮ ಮೊದಲ ಪಂದ್ಯವೇ ಮಿಶ್ರಿಕೋಟಿ ತಂಡದ ಮೇಲೆ ಬಿತ್ತು. ಗದ್ದೆಯಿಂದ ಈಗಷ್ಟೇ ಎದ್ದು ಬಂದಂಥ ಹುಡುಗಿಯರು, ಎರವಲು ತಂದ ಸ್ಟಿಕ್ಕುಗಳು. ಗೆರೆಯಾಚೆ ನಮ್ಮ ಅಕ್ಕೋರು, ನಮ್ಮ ಎದುರಾಳಿಯಾಗಿ. ಐದು ಗೋಲಿನಿಂದ ಗೆದ್ದೆವು. ಗೆಲ್ಲುತ್ತಿದ್ದಂತೆ ನನಗೆ ಅಪರಾಧ ಮಾಡಿದ ಹಾಗೆ ಅನ್ನಿಸುತ್ತಿತ್ತು. ಆಟ ಮುಗಿದ ಮೇಲೆ ಅವರು ಮೊದಲು ತಮ್ಮ ಹುಡುಗಿಯರ ಹತ್ತಿರ ಹೋಗಿ ಒಬ್ಬೊಬ್ಬರ ಬೆನ್ನು ತಟ್ಟಿದರು. ಆಮೇಲೆ ನೆಟ್ಟಗೆ ನನ್ನ ಕಡೆ ಬಂದರು. ನಾನು ಏನಾದರೂ ಸಮಾಧಾನದ ಮಾತು ಹುಡುಕುತ್ತಿದ್ದೆ.

“ಎಡಗಾಲ ಇನ್ನೂ ತಡಾ ಮಾಡತೈತಿ. ತಿದ್ಕೊ. ನಮ್ಮ ಹುಡುಗಿ ಎರಡ ವರ್ಷದಾಗ ಅಲ್ಲೇ ಹೊಡೀತಾಳ.”

ಎರಡು ವರ್ಷದ ಮೇಲೆ ಆ ಹುಡುಗಿ ಅಲ್ಲೇ ಹೊಡೆದಳು. ಮಿಶ್ರಿಕೋಟಿ ನಮ್ಮನ್ನು ಸೋಲಿಸಿತು. ಅಂದು ಗೋಲಿನೊಳಗಿನ ಚೆಂಡನ್ನು ಎತ್ತಿಕೊಡುವಾಗ ನನಗೆ ಬೇಸರದ ಜೊತೆಗೆ ಏನೋ ಒಂದು ಹೆಮ್ಮೆಯೂ ಆಗಿತ್ತು, ನಮ್ಮ ಮನೆಯವರೇ ಗೆದ್ದಂತೆ.

ಅಲ್ಲಿಂದ ಅವರು ತಿರ್ಲಾಪುರಕ್ಕೆ ಹೋದರು, ಅಲ್ಲಿಯೂ ಒಂದು ತಂಡ ಎದ್ದಿತು. ನಾನು ಅವರ ಮಾತಿನ ಮೇಲೆಯೇ ದೈಹಿಕ ಶಿಕ್ಷಣದ ತರಬೇತಿಗೆ ಸೇರಿ, ಮೂವತ್ತು ವರ್ಷ ಮಕ್ಕಳಿಗೆ ಆಟ ಕಲಿಸಿದೆ. ಅಪ್ಪನನ್ನು ಒಪ್ಪಿಸಲು ಅವರು ತಿರ್ಲಾಪುರದಿಂದ ಬಿಸಿಲಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದರು. ನಾನು ತಿಂದ ಅನ್ನದಲ್ಲಿ, ಮಕ್ಕಳನ್ನು ಓದಿಸಿದ್ದರಲ್ಲಿ ಅವರ ಪಾಲಿದೆ. ಅದನ್ನು ಒಮ್ಮೆ ಅವರಿಗೆ ಹೇಳಹೋದರೆ, ನಿನ್ನ ತಂಡ ಈ ವರ್ಷ ಹೇಗಿದೆ ಹೇಳು ಎಂದು ಮಾತು ತಿರುಗಿಸಿದರು.

ಅವರು ತೀರಿಕೊಂಡ ಸುದ್ದಿ ಬಂದಾಗ ಕಸ್ತೂರಿಗೆ ಫೋನು ಮಾಡಿದೆ. ಬೆಟಗೇರಿಯ ಅವರ ಅಕ್ಕನ ಮನೆಗೆ ನಾವು ಮುಟ್ಟಿದಾಗ ಓಣಿಯ ತುಂಬ ಹೆಂಗಸರು. ನೀಲವ್ವ ಬಂದಿದ್ದಳು, ನಿವೃತ್ತಿಯಾಗಿದ್ದಳು, ಕೂದಲು ಬೆಳ್ಳಗಾಗಿತ್ತು. ಮಿಶ್ರಿಕೋಟಿ ತಂಡದಿಂದ ನನಗೆ ಗೋಲು ಹೊಡೆದವಳು ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು. ತಿರ್ಲಾಪುರದವರು ಒಂದು ಟೆಂಪೋ ಮಾಡಿಕೊಂಡು ಬಂದಿದ್ದರು. ಬಹಳ ಮಂದಿಯ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿ ಕೇಳಿ ತಿಳಿದುಕೊಂಡೆ.

ಅಕ್ಕೋರ ಅಕ್ಕನ ಮಗ, ತನ್ನ ಚಿಗವ್ವನಿಗೆ ಇಷ್ಟು ಬಳಗ ಎಲ್ಲಿಂದ ಬಂತೆಂದು ಗಾಬರಿಯಾಗಿ, ನೀವೆಲ್ಲ ಯಾರು ಎಂದು ಕೇಳಿದ. ಅವರ ತಂಡದವರು ಎಂದು ನಾನು ಹೇಳಿದೆ. ಯಾವ ವರ್ಷದ ತಂಡ ಎಂದು ಅವನು ಮತ್ತೆ ಕೇಳಿದ.

ಓಣಿಯ ಕೊನೆಯವರೆಗೂ ಕೇಳಿಸುವ ದನಿಯಲ್ಲಿ ಕಸ್ತೂರಿ ಹೇಳಿದಳು: “ಎಲ್ಲಾ ವರ್ಷದವರೂ ಬಂದೇವ್ರಿ.”