ಗಾಳಿ ನೋಡುವವನು

ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆಯವನು ಮಳೆಗಾಲದಲ್ಲಷ್ಟೇ ಊರಿನವನು. ಚಳಿಗಾಲವೆಲ್ಲ ರಾಜಸ್ಥಾನದ ಮರಳುಗಾಡು, ಬೇಸಿಗೆ ಬಂತೆಂದರೆ ಗೋವಾದ ಕಡಲದಂಡೆ. ಪ್ರವಾಸಿಗರ ಬೆನ್ನಿಗೆ ಪ್ಯಾರಾಚೂಟ್ ಕಟ್ಟಿ, ಮರಳಲ್ಲಿ ಜೀಪಿನಿಂದ, ಕಡಲಲ್ಲಿ ದೋಣಿಯಿಂದ ಎಳೆಸಿ ಮೇಲಕ್ಕೆ ಏರಿಸುವುದು ಅವನ ಕೆಲಸ. ಯಾರನ್ನೇ ಹಾರಿಸುವ ಮೊದಲು ಒಂದು ಹಿಡಿ ಮರಳೆತ್ತಿ ನಿಧಾನವಾಗಿ ಸುರಿದು, ಅದು ಎತ್ತ ವಾಲುತ್ತದೆಂದು ನೋಡುತ್ತಿದ್ದನಂತೆ.

ಊರಿಗೆ ಬಂದರೂ ಆ ಚಟ ಬಿಡಲಿಲ್ಲ. ಮಳೆಗೆ ಓಣಿಯ ಮಣ್ಣು ಹಸಿಯಾಗಿದ್ದರೆ ಗಿರಣಿಯಿಂದ ತಂದ ಜೋಳದ ಹಿಟ್ಟನ್ನೇ ಚಿಟಿಕೆ ತೆಗೆದು ಗಾಳಿಗೆ ಬಿಡುತ್ತಿದ್ದ.

"ಇಲ್ಲಿ ಯಾರನ್ನ ಹಾರಸ್ತಿಯಪ್ಪಾ?" ಎಂದು ನಾನು ರೇಗಿಸುತ್ತಿದ್ದೆ.

"ಗಾಳೀನ ಕೇಳೇ ಕಾಲ ಎತ್ತಬೇಕ್ರಿ ಕಾಕಾ." ಪ್ರತಿಸಲವೂ ಅದೇ ಮಾತು, ಅದೇ ನಗು.

ಹೋದ ಬೇಸಿಗೆಯಲ್ಲಿ ಹುಮನಾಬಾದಿನ ಅವನ ಹೆಂಡತಿಯ ತಮ್ಮನೂ ಅವನೊಂದಿಗೆ ದಂಡೆಯಲ್ಲಿ ದುಡಿಯುತ್ತಿದ್ದ. ಒಂದು ಮಧ್ಯಾಹ್ನ ಗಾಳಿ ಕೆಟ್ಟಿದೆ, ಬೇಡ ಎಂದು ಇವನು ಹೇಳಿದ. ಮಾಲೀಕ ಕೇಳಲಿಲ್ಲ. ಅಂಜಿ ನಿಂತ ಗಿರಾಕಿಗಳಿಗೆ ಧೈರ್ಯ ಬರಲೆಂದು ಆ ತಮ್ಮನನ್ನೇ ಮೊದಲು ಹಾರಿಸಿದರು. ಹಗ್ಗ ಹರಿಯಿತು. ಅವನು ಬಿದ್ದದ್ದು ನೀರಿಗಲ್ಲ, ಬಂಡೆಗೆ.

ಹುಮನಾಬಾದಿನ ಖಬರಸ್ತಾನದಲ್ಲಿ ಎಲ್ಲರೂ ಬಗ್ಗಿ ಗೋರಿಗೆ ಮಣ್ಣು ಹಾಕಿದರು. ಇವನ ಸರದಿ ಬಂತು. ಹಿಡಿ ಮಣ್ಣೆತ್ತಿಕೊಂಡವನು ಗುಣಿಯತ್ತ ಬಗ್ಗಲಿಲ್ಲ. ನೆಟ್ಟಗೆ ನಿಂತು, ಕೈಯನ್ನು ಭುಜದೆತ್ತರಕ್ಕೆ ಹಿಡಿದು ಬೆರಳು ಸಡಿಲಿಸಿದ. ಮಣ್ಣು ಎತ್ತಲೂ ವಾಲದೆ ನೇರವಾಗಿ ಗುಣಿಯೊಳಗೆ ಇಳಿಯಿತು. ನಾನು ಅವನ ರಟ್ಟೆ ಹಿಡಿದೆ.

"ಗಾಳಿ ಇಲ್ರಿ ಕಾಕಾ," ಎಂದ, ಇನ್ನೂ ಕೆಳಗೇ ನೋಡುತ್ತ. "ಇವತ್ತ ಹಾರಸಬಹುದಿತ್ತು."