ತೂಬಿಗೆ ಇಳಿಸಿದ ಮಣೆ

ನಾನು ಕಾಫಿ ಬಗ್ಗಿಸಿದರೆ ಲೋಟದ ಕಂಠದವರೆಗೂ ಬಗ್ಗಿಸುತ್ತೇನೆ. ಅತಿಥಿಗಳು ಲೋಟವನ್ನು ತುಟಿಗೆ ತರುವ ಬದಲು ತುಟಿಯನ್ನೇ ಲೋಟದ ಬಳಿಗೆ ಒಯ್ಯಬೇಕಾಗುತ್ತದೆ. ಪಂಚೆಯ ಮೇಲೆ ಚೆಲ್ಲಿಕೊಂಡವರು ನನ್ನ ಔದಾರ್ಯವನ್ನು ಬಾಯಲ್ಲಿ ಹೊಗಳಿ ಮನಸ್ಸಿನಲ್ಲಿ ಶಪಿಸುತ್ತಾರೆ. ಪರಿಪೂರ್ಣತೆಯ ಈ ವ್ಯಾಮೋಹ ಲೋಟಕ್ಕಷ್ಟೇ ನಿಂತಿದ್ದರೆ ಪಂಚೆ ಒಗೆಯುವುದರೊಂದಿಗೆ ಮುಗಿದುಹೋಗುತ್ತಿತ್ತು. ನಿವೃತ್ತಿಯ ನಂತರ ನನ್ನ ಕೈಗೆ ಒಂದು ಕೆರೆಯೇ ಸಿಕ್ಕಿತು ನೋಡಿ.

ಕೆರೆಯೆಂದರೆ ನಿಜವಾದ ಕೆರೆಯಲ್ಲ. ತಾಳಗುಂದದ ದಾರಿಯಲ್ಲಿ ರಸ್ತೆಗೆಂದು ಮಣ್ಣು ಬಗೆದು ಬಿಟ್ಟಿದ್ದ ಗುಂಡಿಗೆ ಗದ್ದೆಗಳ ಬಸಿನೀರನ್ನು ತಿರುಗಿಸಿ ನಮ್ಮೂರಿನವರು ಮಾಡಿದ ಜೌಗು. ಗೊಬ್ಬರ, ಔಷಧಿ ಬೆರೆತ ನೀರು ಜೊಂಡಿನ ಬೇರುಗಳ ನಡುವೆ ಕೆಲಕಾಲ ತಂಗಿ, ತಿಳಿಯಾಗಿ ಮುಂದಿನ ಗದ್ದೆಗೆ ಹರಿಯಲಿ ಎಂಬುದು ಉದ್ದೇಶ. ನೀರಿನ ಮಟ್ಟ ಕಾಯಲು ತೂಬಿಗೆ ಒಂದರ ಮೇಲೊಂದು ಇಳಿಸುವ ಮೂರು ಹಲಗೆ, ಅಳೆಯಲು ಗೆರೆ ಕೊರೆದ ಒಂದು ಕಂಬ. ಗಣಿತದ ಮೇಷ್ಟ್ರಾಗಿದ್ದವನೆಂಬ ಏಕೈಕ ಅರ್ಹತೆಯಿಂದ ಎರಡೂ ನನ್ನ ಪಾಲಿಗೆ ಬಂದವು.

ಜೊಂಡಿನ ಗೆಡ್ಡೆ ತಂದು ನೆಟ್ಟವರು ಹುಸೇನ್ ಸಾಬರು. ಶಿಕಾರಿಪುರದ ಪೇಟೆಯಲ್ಲಿ ಜೊಂಡಿನ ಚಾಪೆ ಹೆಣೆಯುವುದು ಅವರಿಗೆ ತಂದೆಯಿಂದ ಬಂದ ಕಸುಬು. ಅವರು ಜೊಂಡು ಕೊಯ್ಯುತ್ತಿದ್ದ ಹಳೆಯ ಕೆರೆಯ ಅಂಚನ್ನು ಹೂಳೆತ್ತುವ ಯಂತ್ರ ಗೋಡೆಯಂತೆ ನೆಟ್ಟಗೆ ಕಡಿದುಹಾಕಿ, ಜೊಂಡು ಬೇರೂರಲು ಜಾಗವೇ ಇಲ್ಲದಂತೆ ಮಾಡಿತ್ತು. "ಇಲ್ಲೂ ಬರ್ಲಿಲ್ಲ ಅಂದ್ರೆ ಚಾಪೆ ಕೆಲ್ಸ ಬಿಟ್ಟಂಗೇ ರೀ ಮೇಷ್ಟ್ರೇ" ಎಂದು ಅವರು ಮೊದಲ ದಿನವೇ ಹೇಳಿದ್ದರು. ನಾನು ಧೈರ್ಯ ಹೇಳಿದ್ದೆ. ಧೈರ್ಯ ಹೇಳುವುದಕ್ಕೆ ಜ್ಞಾನ ಬೇಕಿಲ್ಲವಷ್ಟೆ.

ಆ ಶ್ರಾವಣದಲ್ಲಿ ಅಂಬ್ಲಿಗೊಳ ಜಲಾಶಯ ತುಂಬಿ ಬಾಗಿನ ಅರ್ಪಿಸಿದ ಸುದ್ದಿ ಬಂತು. ನಮ್ಮೂರ ಹೆಂಗಸರೂ ಮೊರ, ಬಳೆ, ಅರಿಶಿನ ಕುಂಕುಮ ಅಣಿಮಾಡಿಕೊಂಡರು. ಬಾಗಿನವೆಂದರೆ ತುಂಬಿದ ಕೆರೆಗೇ ತಾನೆ? ನಮ್ಮದೋ ಕಂಬದ ತುದಿಗೆ ಗೇಣುದ್ದ ಬಾಕಿ ಇಟ್ಟುಕೊಂಡು ನಿಂತಿತ್ತು. ಆ ಒಂದು ಗೇಣು ನನ್ನ ಕಣ್ಣಿಗೆ ಚುಚ್ಚಿತು. ಮನೆಗೆ ಹೋದವನೇ, ಊಟಕ್ಕೆ ಕೂರುವ ಹಲಸಿನ ಮಣೆ ತಂದು ನಾಲ್ಕನೆಯ ಹಲಗೆಯಾಗಿ ತೂಬಿಗೆ ಇಳಿಸಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಎರಡೇ ದಿನದಲ್ಲಿ ಕೆರೆ ತುಳುಕಿತು, ಬಾಗಿನ ತೇಲಿತು, ನನ್ನ ಕೊರಳಿಗೆ ಹಾರ ಬಿತ್ತು. ಆ ಉಬ್ಬಿನಲ್ಲಿ ಮಣೆ ತೆಗೆಯುವುದು ಮರೆತೇಹೋಯಿತು. ನಿಜ ಹೇಳಬೇಕೆಂದರೆ, ತೆಗೆಯಲು ಮನಸ್ಸಾಗಲಿಲ್ಲ.

ಚಾಪೆ ಮಾರಲು ಸೊರಬದ ಕಡೆ ಹೋಗಿದ್ದ ಹುಸೇನ್ ಸಾಬರು ಮೂರು ವಾರದ ಮೇಲೆ ಬಂದರು. ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ನೀರಿಗೆ ಕೈಯಿಳಿಸಿ, ಒಂದು ಎಳೆಯ ಸುಳಿ ಕಿತ್ತು ನನ್ನ ಅಂಗೈಯಲ್ಲಿಟ್ಟರು. ಅದು ಕೊಳೆತು ಲೋಳೆಯಾಗಿತ್ತು.

"ತುಂಬಿದ್ರೆ ಕೆರೆಗೆ ಚೆಂದ ರೀ. ಎಳೇ ಜೊಂಡಿಗೆ ಮೂಗು ಹೊರಗಿರಬೇಕಲ್ಲ, ಉಸಿರಾಡಾಕೆ?"

ಅವರು ಬೈದಿದ್ದರೆ ಎಷ್ಟೋ ಮೇಲಿತ್ತು. ನಾಚಿಕೆಯಿಂದ ನನಗೆ ತಲೆಯೆತ್ತಲಾಗಲಿಲ್ಲ. ಆಗಲೇ ಹೋಗಿ ಮಣೆ ಕಿತ್ತೆ.

ಬೇಸಿಗೆಯಲ್ಲಿ ಅವರು ಹೇಳಿದಂತೆ, ಗೆಡ್ಡೆಗಳಿಗೆ ಗಾಳಿ ತಾಗಲೆಂದು, ಉಳಿದ ಹಲಗೆಗಳನ್ನೂ ಒಂದೊಂದಾಗಿ ತೆಗೆದು ಕೆಸರು ಕಾಣುವಷ್ಟು ನೀರಿಳಿಸಿದೆ. "ಮೇಷ್ಟ್ರು ಕೆರೆನೇ ಕುಡಿದ್ಬಿಟ್ರು" ಎಂದು ಬಸ್ಸಿಗೆ ಕಾಯುವವರು ನಕ್ಕರು. ನಗಲಿ ಎಂದು ನಾನು ಕಂಬ ಬಿಟ್ಟು ಕೆಸರನ್ನೇ ನೋಡುತ್ತ ಕೂತೆ. ಉದ್ದ ಕಾಲಿನ ಹಕ್ಕಿಗಳು ಬಂದು, ನನಗಿಂತ ಶ್ರದ್ಧೆಯಿಂದ ಅದನ್ನು ಕೊಕ್ಕಿನಲ್ಲಿ ಕೆದಕಿ ಪರೀಕ್ಷಿಸುತ್ತಿದ್ದವು. ಒಂದು ಬೆಳಿಗ್ಗೆ, ಸತ್ತಿತೆಂದುಕೊಂಡಿದ್ದ ಗೆಡ್ಡೆಯೊಂದು ಹಸಿರು ಮೊಳೆ ಎತ್ತಿತ್ತು. ವಾರದೊಳಗೆ ಅಲ್ಲೊಂದು ಇಲ್ಲೊಂದು, ಆಮೇಲೆ ಗುಂಪಾಗಿ. ಮಳೆ ಬಂದ ಮೇಲೆ ಮೊಳೆ ಬೆಳೆದಷ್ಟೇ ನೀರು ಏರಿಸಿದೆ. ನನ್ನ ಪುಸ್ತಕದಲ್ಲಿ 'ನೀರು ಎಷ್ಟು' ಎಂಬ ಅಂಕಣದ ಪಕ್ಕ 'ಮೂಗು ಹೊರಗಿದೆಯೇ' ಎಂಬ ಇನ್ನೊಂದು ಅಂಕಣ ಹುಟ್ಟಿಕೊಂಡಿತು. ಯಾವುದು ಹೆಚ್ಚು ನಿಜ ಎಂಬ ಕುತೂಹಲ ಇನ್ನೂ ತಣಿದಿಲ್ಲ.

ನೀರು ಕುಡಿದು ಉಬ್ಬಿದ ಮಣೆ ಒಣಗುವಾಗ ಎರಡು ಸೀಳಾಯಿತು. ಮನೆಯಾಕೆ ಊಟಕ್ಕೆ ಕರೆದಾಗಲೆಲ್ಲ ಅದನ್ನು ನೆನಪಿಸದೆ ಬಿಡಲಿಲ್ಲ.

ಮೊನ್ನೆ ಹುಸೇನ್ ಸಾಬರು ಒಂದು ಪುಟ್ಟ ಚಾಪೆ ಸುತ್ತಿಕೊಂಡು ಬಂದರು. ಬಿಡಿಸಿದರೆ, ಒಬ್ಬರು ಕೂರುವಷ್ಟೇ ಅಗಲ.

"ಮೊದಲ್ನೇ ಕೊಯ್ಲಿಂದು ರೀ. ಮಣೆ ಹಾಳಾತಲ್ಲ, ಅದಕ್ಕೆ."

ಯಾವುದನ್ನೂ ತುಂಬಿ ತುಳುಕಿಸಬಾರದೆಂದು ಕಲಿತವನ ಕಣ್ಣು ಮಾತ್ರ ತುಂಬಿಯೇಬಿಟ್ಟಿತು. ಅವರನ್ನು ಆ ಚಾಪೆಯ ಮೇಲೆಯೇ ಕೂರಿಸಿ ಕಾಫಿ ಬಗ್ಗಿಸಿದೆ, ಕಂಠಕ್ಕೆ ಎರಡು ಬೆರಳು ಕಡಿಮೆಯಾಗಿ. ಅವರು ಲೋಟ ನೋಡಿದರು, ನನ್ನ ಮುಖ ನೋಡಿದರು, ನಕ್ಕು ಎತ್ತಿಕೊಂಡರು. ಹೊಸ ಚಾಪೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ.