ದೌಲಪ್ಪನ ಪಥ್ಯ
ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ಕಮಲಾಪುರದ ಕೆಂಪು ಬಾಳೆಯ ವಿಷಯದಲ್ಲಿ ದೌಲಪ್ಪನ ಮಾತೇ ಕೊನೆಯ ಮಾತು. ಗೊನೆಯನ್ನು ಒಮ್ಮೆ ನೋಡಿದರೆ ಸಾಕು, ಯಾವ ದಿನ ಹಣ್ಣಾಗುತ್ತದೆಂದು ಹೇಳುತ್ತಿದ್ದ. ಮಾಗಿದ ಪ್ರತಿ ಗೊನೆಯಿಂದ ಒಂದು ಹಣ್ಣು ತಾನೇ ತಿಂದು ನೋಡದೆ ಮಾರುತ್ತಿರಲಿಲ್ಲ. ಅದು ಅಪ್ಪನ ಕಾಲದ ಪದ್ಧತಿ. ಎರಡೂ ಕಣ್ಣಿಗೆ ಪೊರೆ ಬಂದಾಗ ಊರವರು ಅವನಿಗಾಗಿ ಮರುಗಿದರು. ಅವನು ಗೊನೆಗಳಿಗಾಗಿ ಮರುಗಿದ.

ಹೆಂಡತಿ ನೀಲಗಂಗಮ್ಮ ಅವನನ್ನು ಗಾಡಿಯಲ್ಲಿ ಕಲಬುರಗಿಗೆ ಕರೆದೊಯ್ದಳು. ಕಣ್ಣಿನ ಡಾಕ್ಟರು ಸಿಕಂದರ್ ಸಾಹೇಬರು ಮೂತ್ರ ಪರೀಕ್ಷಿಸಿ, ಸಕ್ಕರೆ ರೋಗವೂ ಇದೆ ಎಂದರು.

“ಪೊರಿ ತೆಗೀತೀನಿ ದೌಲಪ್ಪನವರ. ಆದ್ರ ಈ ಬೀಮಾರಿ ಇದ್ದವರಿಗೆ ಕಣ್ಣು ಕೊಯ್ದ ಮ್ಯಾಲ ಕಣ್ಣೊಳಗ ಹಿಂದಿರೋ ಪರದಾ ಕೆಡೋದುಂಟು. ಸಿಹಿ ಪೂರಾ ಬಿಡಬೇಕು.”

“ಬಿಟ್ಟೆ ಅಂತ ತಿಳೀರಿ, ಸಾಹೇಬ್ರ.”

ಮೊದಲು ಒಂದು ಕಣ್ಣಿನ ಪೊರೆ ತೆಗೆದರು. ದಪ್ಪ ಗಾಜಿನ ಕನ್ನಡಕದಲ್ಲಿ ಲೋಕ ಮತ್ತೆ ಕಂಡಿತು. ದೌಲಪ್ಪ ಮಾತಿನ ಮನುಷ್ಯ. ಹೋಳಿಗೆಯ ತಟ್ಟೆ ಬಂದರೆ ಮುಖ ತಿರುಗಿಸುತ್ತಿದ್ದ, ಊರಿಗೆಲ್ಲ ಪಥ್ಯದ ಉಪದೇಶ ಮಾಡುತ್ತಿದ್ದ. ಬಾಳೆಹಣ್ಣು? ಅದು ಕಸುಬು, ಅದನ್ನು ಸಿಹಿ ಎಂದು ಯಾರು ಎಣಿಸುತ್ತಾರೆ! ಕಣ್ಣು ಕಾಣದ ದಿನಗಳಲ್ಲಿ ತಪ್ಪಿಹೋಗಿದ್ದ ರುಚಿಯನ್ನೆಲ್ಲ ವಸೂಲು ಮಾಡಿಕೊಂಡ.

ಪೊರೆ ತೆಗೆದ ಹತ್ತನೆಯ ತಿಂಗಳಿಗೆ ಆ ಕಣ್ಣಿನ ಮುಂದೆ ಕಪ್ಪು ಎಳೆಗಳು ಓಡಾಡಿದವು, ಆಮೇಲೆ ಎಲ್ಲವೂ ಮಸುಕಾಯಿತು. ಒಂದು ಗೊನೆ ಕಾಣಿಕೆಯೊಂದಿಗೆ ಗಂಡಹೆಂಡತಿ ಮತ್ತೆ ಕಲಬುರಗಿಗೆ ಹೋದರು. ಸಾಹೇಬರು ದೀಪ ಇಟ್ಟು, ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಪೊರಿ ಇದ್ದಾಗ ನಿಮ್ಮ ಕಣ್ಣಾಗ ನನಗೇನೂ ಕಾಣ್ತಿದ್ದಿಲ್ಲ. ಈಗ ಕಾಣ್ತದ. ಹಿಂದ ರಕ್ತ ಸೋರ್ಯಾದ. ಈ ಕಣ್ಣು ಹೊಳ್ಳಿ ಬರೂದಿಲ್ಲ.”

ಆಪರೇಷನ್ನಿನಿಂದ ಕೊನೆಗೆ ಚೆನ್ನಾಗಿ ಕಂಡದ್ದು ಡಾಕ್ಟರಿಗೆ.

“ಸಿಹಿ ಮುಟ್ಟಿಲ್ಲರೀ,” ಎಂದ ದೌಲಪ್ಪ. “ಬರೀ ಬಾಳಿಹಣ್ಣು. ದಿನಕ್ಕ ಹತ್ತು ಹನ್ನೆರಡು.”

ಸಾಹೇಬರು ಎದುರಿಗಿದ್ದ ಗೊನೆ ನೋಡಿದರು. “ಕೊಯ್ದದ್ದಕ್ಕ ಕೆಟ್ಟತೋ, ಹಣ್ಣಿಗೆ ಕೆಟ್ಟತೋ, ಖುದಾಗೇ ಗೊತ್ತು. ಇನ್ನೊಂದು ಕಣ್ಣಿನ ಪೊರಿ ತೆಗದ್ರ ಅದೂ ಹಿಂಗ ಆಗಬಹುದು.”

“ಹಂಗಾದ್ರ ಬ್ಯಾಡ ಬಿಡ್ರಿ.”

“ತೆಗೀರಿ, ಸಾಹೇಬ್ರ,” ಎಂದಳು ನೀಲಗಂಗಮ್ಮ. “ನಾಕು ತಿಂಗಳು ಕಂಡ್ರೂ ಸಾಕು. ಹತ್ತು ತಿಂಗಳು ಕಣ್ಣಿತ್ತು, ಗೊನಿ ಬಿಟ್ಟು ಏನೂ ನೋಡಲಿಲ್ಲ. ನನ್ನ ತಲಿ ಬೆಳ್ಳಗಾಗ್ಯಾದೋ ಇಲ್ಲೋ, ಕೇಳ್ರಿ ಅವರನ್ನ.”

ದೌಲಪ್ಪ ಅವಳ ದನಿ ಬಂದ ಕಡೆ ಮುಖ ತಿರುಗಿಸಿದ. ಅವನಿಗೆ ಗೊತ್ತಿರಲಿಲ್ಲ.